ಸೀಟು ಸಿಕ್ಕಿದರೆ ಮುಗಿಯಿತೇ?

ಮಾನ್ಯರೇ,

ವೈಕಲ್ಯ ಶೇ 40 ದಾಟಿದೆ ಎಂಬ ಒಂದೇ ಕಾರಣಕ್ಕೆ ಎಂಬಿಬಿಎಸ್ ಸೀಟು ನಿರಾಕರಿಸುವಂತಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದೇ. ಸೀಟು ಸಿಕ್ಕಿದ ಮೇಲಿನ ಕತೆ ಬೇರೆ. ಮಂಗಳೂರಿನ ಕಾಲೇಜೊಂದರಲ್ಲಿ ಓದುವ ನನ್ನ ತಮ್ಮನ ಮಗಳಿಗೆ ಕಿವಿ ಮಂದ. ಎದುರಿದ್ದವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. ವಾರ್ಡಿನಲ್ಲಿ ನಡೆದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪರೀಕ್ಷಕರು ಮಾಸ್ಕ್ ಹಾಕಿಕೊಂಡು, ರೋಗಿಯ ಕಡೆ ತಿರುಗಿ ಪ್ರಶ್ನೆ ಕೇಳಿದರು. ಉತ್ತರ ಬರಲಿಲ್ಲವೆಂದು ಅಂಕ ಹೋಯಿತು. ಥಿಯರಿಯಲ್ಲಿ ಅವಳೇ ಮುಂದು!

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಕೊಡಬೇಕೆನ್ನುತ್ತದೆ. ವೈವಾ (ಮೌಖಿಕ ಪರೀಕ್ಷೆ), ಪ್ರಾಕ್ಟಿಕಲ್‌ಗಳ ಗತಿ? ಪಾರದರ್ಶಕ ಮಾಸ್ಕ್, ಧ್ವನಿ ಹೆಚ್ಚಿಸುವ ಸ್ಟೆತೊಸ್ಕೋಪು ಕಾಲೇಜಿನ ಫೀಸಿನ ಮುಂದೆ ಯಾವ ಲೆಕ್ಕ? ಕೇಳುವ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ತೋರಿಸುವುದನ್ನಾದರೂ ವಿಶ್ವವಿದ್ಯಾಲಯಗಳು ಮುಂದಿನ ಪರೀಕ್ಷೆಯಿಂದಲೇ ಕಡ್ಡಾಯ ಮಾಡಲಿ.

– ಓದುಗರೊಬ್ಬರು, ಸುರತ್ಕಲ್