ಬ್ಲೀಚಿಗಿಲ್ಲದ ತಕರಾರು

ಮಾನ್ಯರೇ,

ಭಾನುವಾರ ಪತ್ರಿಕೆ ಬಂದರೆ ನಾನು ಮೊದಲು ಓದುವುದು ವಧು-ವರರ ಅಂಕಣ. ಮನೆಯಲ್ಲಿ ಮದುವೆಗಿರುವವರು ಯಾರೂ ಇಲ್ಲ, ಅದೊಂದು ಚಟ ಅಷ್ಟೆ. ಹೆಣ್ಣಿನ ಮೈಬಣ್ಣಕ್ಕೆ ಅಲ್ಲಿ ಎಷ್ಟು ಹೆಸರು! ಬಿಳುಪು, ಗೋಧಿ ವರ್ಣ, ಎಣ್ಣೆಗೆಂಪು. ಮಗಳು ಕಪ್ಪಗಿದ್ದರೆ ಬಣ್ಣದ ಸುದ್ದಿ ಎತ್ತದೆ ‘ಲಕ್ಷಣವಾದ ಹುಡುಗಿ’ ಎಂದು ಬರೆಸುತ್ತಾರೆ. ನನ್ನನ್ನು ನೋಡಲು ಬಂದವರೂ ‘ಬಣ್ಣ ಸ್ವಲ್ಪ ಕಮ್ಮಿ’ ಅಂದುಕೊಂಡೇ ಉಪ್ಪಿಟ್ಟು ತಿಂದು ಹೋಗಿದ್ದರು.

2021ರ ಅಕ್ಟೋಬರ್‌ನಲ್ಲಿ ಮುಖ ಬೆಳ್ಳಗೆ ಮಾಡಲು ಹಚ್ಚುವ ಡಾಬರ್ ಕಂಪನಿಯ ಫೆಮ್ ಬ್ಲೀಚ್‌ನ ಜಾಹೀರಾತೊಂದು ಗದ್ದಲ ಎಬ್ಬಿಸಿತ್ತು. ಸಂದರ್ಭ ಉತ್ತರದವರ ಕರ್ವಾ ಚೌತ್, ಹೆಚ್ಚುಕಡಿಮೆ ನಮ್ಮ ಭೀಮನ ಅಮಾವಾಸ್ಯೆ ಇದ್ದಂತೆ. ಒಬ್ಬ ಯುವತಿ ಇನ್ನೊಬ್ಬಳ ಮುಖಕ್ಕೆ ಬ್ಲೀಚ್ ಹಚ್ಚುತ್ತಾಳೆ. ಮನೆಯ ಹಿರಿಯಾಕೆ ಇಬ್ಬರಿಗೂ ಸೀರೆ ಕೊಡುತ್ತಾಳೆ. ಆ ಹಬ್ಬದ ರಾತ್ರಿ ಜರಡಿಯ ಮೂಲಕ ಚಂದ್ರನನ್ನೂ ಗಂಡನನ್ನೂ ನೋಡುವುದು ವಾಡಿಕೆ; ಇಲ್ಲಿ ಜರಡಿ ಹಿಡಿದು ನಿಂತಾಗ ಎದುರಿಗಿರುವುದು ಗಂಡಂದಿರಲ್ಲ, ಆ ಇಬ್ಬರೇ. ಮಧ್ಯಪ್ರದೇಶದ ಅಂದಿನ ಗೃಹ ಸಚಿವ ನರೋತ್ತಮ ಮಿಶ್ರಾ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು. ಕಂಪನಿ ಜಾಹೀರಾತನ್ನು ಹಿಂಪಡೆದು ಬೇಷರತ್ ಕ್ಷಮೆ ಕೇಳಿತು. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿಯಾಗಿತ್ತು.

ಕ್ಷಮೆ ಕೇಳಿದ್ದು ಇಬ್ಬರು ಹೆಂಗಸರ ಸಲುವಾಗಿ, ಬ್ಲೀಚಿನ ಸಲುವಾಗಿ ಅಲ್ಲ. ಬ್ಲೀಚಿನ ಪ್ರಶ್ನೆಯನ್ನೂ ಕೆಲವರು ಎತ್ತಿದ್ದರು, ಗಲಾಟೆಯಲ್ಲಿ ಅದು ಮುಳುಗಿಹೋಯಿತು. ಜಾಹೀರಾತನ್ನು ಬೈದವರಿಗೂ ಹೊಗಳಿದ ಬಹಳಷ್ಟು ಮಂದಿಗೂ ಹಬ್ಬಕ್ಕೆ ಹೆಣ್ಣು ಬೆಳ್ಳಗಾಗಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ! ಅದಕ್ಕೆ ಯಾರ ಭಾವನೆಯೂ ನೋಯಲಿಲ್ಲ.

1975ರಿಂದ ಮಾರುಕಟ್ಟೆಯಲ್ಲಿದ್ದ ಫೇರ್ ಆ್ಯಂಡ್ ಲವ್ಲಿ ಕ್ರೀಮು, ಅಮೆರಿಕದಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಹತ್ಯೆ ವಿರೋಧಿಸಿ ಜನ ಬೀದಿಗಿಳಿದ ಮೇಲೆ, 2020ರಲ್ಲಿ ಗ್ಲೋ ಆ್ಯಂಡ್ ಲವ್ಲಿ ಆಯಿತು. ನಮ್ಮ ಬೀದಿಯ ಅಂಗಡಿಯಲ್ಲಿ ಈಗಲೂ ಹಳೇ ಹೆಸರಲ್ಲೇ ಕೇಳುತ್ತಾರೆ, ಅಂಗಡಿಯವನೂ ಮರುಮಾತಾಡದೆ ಎತ್ತಿ ಕೊಡುತ್ತಾನೆ.

ದೂರದ ಕಂಪನಿಗಳ ಮಾತು ಬಿಡಿ. ಶಾದಿ ಡಾಟ್ ಕಾಮ್‌ನಂಥ ವ್ಯಾಪಾರಿ ತಾಣವೇ 2020ರಲ್ಲಿ ಮೈಬಣ್ಣ ನೋಡಿ ಹುಡುಕುವ ಸೌಲಭ್ಯವನ್ನು ತೆಗೆದುಹಾಕಿತು. ತಮ್ಮ ಪತ್ರಿಕೆ ಹೆಣ್ಣಿನ ಬಣ್ಣ ಬರೆದ ಜಾಹೀರಾತುಗಳನ್ನು ಇನ್ನೂ ಯಾಕೆ ತೆಗೆದುಕೊಳ್ಳುತ್ತಿದೆ? ಇನ್ನೊಂದು ಪ್ರಶ್ನೆ. ನಾಳೆ ಇಬ್ಬರು ಹೆಣ್ಣುಮಕ್ಕಳು ಅದೇ ಅಂಕಣಕ್ಕೆ ಹಣ ಕಟ್ಟಿ, ‘ವಧುವಿಗೆ ವಧು ಬೇಕಾಗಿದ್ದಾಳೆ’ ಎಂದು ಬರೆದುಕೊಂಡು ತಮ್ಮ ಕಚೇರಿಗೆ ಬಂದರೆ ಅಚ್ಚು ಹಾಕುತ್ತೀರಾ? ಉತ್ತರವನ್ನು ಇದೇ ಅಂಕಣದಲ್ಲಿ ತಿಳಿಸಬೇಕಾಗಿ ಕೋರಿಕೆ.

– ಓರ್ವ ಓದುಗಾರ್ತಿ, ಸಾಗರ