ಕಬಡ್ಡಿ ತಂಡದ ಹಿರಿಯ ಆಟಗಾರರ ಗಮನಕ್ಕೆ

ಹತ್ತನೆಯ ತರಗತಿಯ ಆಟಗಾರರೇ, ನಾಳೆ ಬೆಳಿಗ್ಗೆ 6.30ಕ್ಕೆ ಅಜ್ಜರಕಾಡು ಮೈದಾನದಲ್ಲಿ ಅಭ್ಯಾಸವಿರುತ್ತದೆ. ಅಂಕಣದಲ್ಲಿ 7 ಮಂದಿ ಆಡುವಾಗ ಹೊರಗೆ ಕುಳಿತ 5 ಮಂದಿಯೂ ತಂಡದವರೇ ಎಂಬುದನ್ನು ನಾಯಕನೊಬ್ಬನೇ ನೆನಪಿಟ್ಟುಕೊಂಡರೆ ಸಾಲದು.

ಶನಿವಾರ ಎಂಟನೆಯ ತರಗತಿಯ ಹುಡುಗನೊಬ್ಬ ಹೆಚ್ಚುವರಿ ಅಂಕ ತರುವ ಬೋನಸ್ ಗೆರೆ ದಾಟಲು ಕಾಲು ಚಾಚಿ ಸಿಕ್ಕಿಬಿದ್ದಾಗ ಕೆಲವರು ನಕ್ಕರು. ಎಡ ಮೂಲೆಯಲ್ಲಿ ಆಡುವವನು ಮಾತ್ರ ಅವನನ್ನು ಎಬ್ಬಿಸಿ, ಮೊಣಕಾಲಿನ ಮಣ್ಣು ಒರೆಸಿ, ಗೆರೆ ದಾಟುವ ಕ್ಷಣದಲ್ಲಿ ಹಿಂದಿನ ಕಾಲು ನೆಲ ಬಿಟ್ಟಿರಬೇಕೆಂಬುದನ್ನು ತಾನೇ ಮೂರು ಬಾರಿ ಆಡಿ ತೋರಿಸಿದನು. ನನ್ನ ಸೀಟಿಯ ಸದ್ದಿಗಿಂತ ಅದೇ ಹೆಚ್ಚು ಕೆಲಸ ಮಾಡಿತೆಂದು ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ನಾಳೆಯಿಂದ ಹಿರಿಯರು ತಲಾ ಒಬ್ಬ ಕಿರಿಯನನ್ನು ಜೊತೆಗಿಟ್ಟುಕೊಂಡು ಅಭ್ಯಾಸ ಮಾಡಿಸಬೇಕು. ಗೆರೆ ಹಾಕುವ ಸುಣ್ಣದ ಬಕೆಟನ್ನು ಕಿರಿಯರ ಕೈಗೇ ಕೊಡುವ ಪದ್ಧತಿಯೂ ನಿಲ್ಲಬೇಕು.

– ದೈಹಿಕ ಶಿಕ್ಷಣ ಶಿಕ್ಷಕರು