ವಿಷಯ: ನಿಮ್ಮ ವಿಎಂ (ವರ್ಚುವಲ್ ಸರ್ವರ್) ಕನ್ಸೋಲ್‌ನಲ್ಲಿ ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಟ್ಯಾಬೇ ಮುಚ್ಚಿಹೋಗುವ ಬಗ್ಗೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಫೋನಿನಲ್ಲಿ ಸಮಾಧಾನದಿಂದ ಹೇಳಿ ಹೇಳಿ ಸಾಕಾಗಿದೆ. ಇನ್ನು ಬರವಣಿಗೆಯಲ್ಲೇ ಇರಲಿ.

ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೈಕೊಟ್ಟಾಗ ಸರ್ವರ್ ಒಳಗೆ ಹೋಗಲು ಬ್ರೌಸರಿನಲ್ಲಿ ತೆರೆಯುವ ನಿಮ್ಮ ಕನ್ಸೋಲ್ ಒಂದೇ ದಾರಿ. ಒಪ್ಪಂದದಲ್ಲೂ ಹಾಗೇ ಬರೆದಿದ್ದೀರಿ, ಅಲ್ವಾ? ಕಳೆದ ವಾರ ಅಪ್‌ಡೇಟ್ ಆದಮೇಲೆ ನೆಟ್‌ವರ್ಕ್ ಇಂಟರ್‌ಫೇಸಿನ ಹೆಸರು ಬದಲಾಗಿ ಸಂಪರ್ಕ ಹೋಯಿತು. ಕನ್ಸೋಲ್‌ನಿಂದ ಒಳಗೆ ಹೋಗಿ ನ್ಯಾನೋ ಎಡಿಟರಿನಲ್ಲಿ ಫೈಲ್ ತೆರೆದೆ. ನ್ಯಾನೋದಲ್ಲಿ ಹುಡುಕುವ ಕೀ ಕಂಟ್ರೋಲ್ ಡಬ್ಲ್ಯೂ, ಬ್ರೌಸರಿಗೆ ಅದೇ ಟ್ಯಾಬ್ ಮುಚ್ಚುವ ಕೀ. ಒತ್ತಿದ ಕೂಡಲೇ ಟ್ಯಾಬ್ ಮಾಯ. ಮತ್ತೆ ಲಾಗಿನ್, ಮತ್ತೆ ಒಟಿಪಿ. ಒಳಗೆ ಬಂದರೆ ವಿಎಂ ಕಡೆ ಕಂಟ್ರೋಲ್ ಕೀ ಒತ್ತಿಕೊಂಡೇ ಇತ್ತು. ಬರೀ ಕೆ ಒತ್ತಿದೆ, ಅದು ಕಂಟ್ರೋಲ್ ಕೆ ಆಗಿ ಇಡೀ ಸಾಲು ಕಟ್ ಆಯಿತು.

ಆಗ ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಸೈಟ್ ನಿಂತುಹೋಗಿದ್ದ ನನ್ನ ಗಿರಾಕಿಯೂ ಅದೇ ಕರೆಯಲ್ಲಿದ್ದರು. ನಿಮ್ಮ ಪ್ರತಿನಿಧಿ ಮೊದಲು ಕ್ಯಾಶ್ ಅಳಿಸಿ ಎಂದರು, ಅಳಿಸಿದೆ. ಬ್ರೌಸರ್ ಬದಲಾಯಿಸಿ ಎಂದರು, ಬದಲಾಯಿಸಿದೆ. ‘ಈಗ ಕಂಟ್ರೋಲ್ ಡಬ್ಲ್ಯೂ ಒತ್ತಿ ನೋಡಿ.’ ಒತ್ತಿದೆ, ಮುಚ್ಚಿತು. ‘ಹಾಗಾದ್ರೆ ಆ ಕೀ ಒತ್ತಬೇಡಿ ಸರ್.’ ಹುಡುಕುವುದು ಹೇಗೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್, ನಿಮಗೆ ಕಂಪ್ಯೂಟರ್ ಬಳಸಿ ಅಭ್ಯಾಸ ಇದೆಯಾ? ಕೀಬೋರ್ಡ್ ಬೇರೆ ತಗೊಳ್ಳಿ’ ಎಂದರು. ಗಿರಾಕಿಯ ಮುಂದೆ! ಡಬ್ಲ್ಯೂ ಇಲ್ಲದ ಕೀಬೋರ್ಡನ್ನು ನೀವೇ ಮಾರುತ್ತೀರಾ? ಸಂಜೆಯೊಳಗೆ ಟಿಕೆಟ್ ‘ಪರಿಹಾರವಾಗಿದೆ’ ಎಂದು ಮುಚ್ಚಿತ್ತು.

ಇದು ಬಗೆಹರಿಯದ ಸಮಸ್ಯೆ ಅಲ್ಲ. ವಿಎಂ ನಡೆಸುವ ತಂತ್ರಾಂಶ ವರ್ಚುವಲ್‌ಬಾಕ್ಸ್‌ನಲ್ಲಿ ಹಿಡಿದ ಕೀಬೋರ್ಡನ್ನು ಬಿಡಿಸಲೆಂದೇ ಬಲಗಡೆಯ ಕಂಟ್ರೋಲ್ ಕೀ ಇದೆ. ಅಂಥದೇ ಇನ್ನೊಂದು ತಂತ್ರಾಂಶ ವಿಎಂವೇರ್ ಕಂಟ್ರೋಲ್ ಆಲ್ಟ್ ಒತ್ತುವ ತನಕ ಕೀಬೋರ್ಡನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಬ್ರೌಸರಿನಲ್ಲಿ ಆಗಲ್ಲ ಎನ್ನುವ ಮಾತೂ ಬೇಡ. ಕ್ರೋಮ್‌ನಲ್ಲಿ 2018ರಿಂದಲೇ ಕೀಬೋರ್ಡ್ ಲಾಕ್ ಇದೆ. ಪೂರ್ತಿ ಪರದೆಯಲ್ಲಿ ಅದನ್ನು ಬಳಸಿದರೆ ಕಂಟ್ರೋಲ್ ಡಬ್ಲ್ಯೂ ನೇರ ಕನ್ಸೋಲ್‌ಗೇ ಹೋಗುತ್ತದೆ. ಕೆಲವು ಬ್ರೌಸರ್‌ಗಳಲ್ಲಿ ಆ ಸೌಲಭ್ಯ ಇಲ್ಲದಿರಬಹುದು, ಒಪ್ಪೋಣ. ಅಂಥವರಿಗೆ ಕಂಟ್ರೋಲ್, ಆಲ್ಟ್ ಬಟನ್‌ಗಳನ್ನು ಪರದೆಯ ಪಕ್ಕದಲ್ಲಿ ಕೊಡಿ. ಬ್ರೌಸರಿನಲ್ಲೇ ಕನ್ಸೋಲ್ ತೋರಿಸುವ ನೋವಿಎನ್‌ಸಿ ಉಚಿತ ತಂತ್ರಾಂಶ, ಅದರಲ್ಲೇ ಇವೆ. ತಿಂಗಳು ತಿಂಗಳು ದುಡ್ಡು ತೆಗೆದುಕೊಳ್ಳುವ ನಿಮ್ಮಲ್ಲಿ ಯಾಕಿಲ್ಲ? ಟ್ಯಾಬ್ ಮುಚ್ಚುವ ಮೊದಲು ‘ನಿಜವಾಗಿಯೂ ಮುಚ್ಚಬೇಕಾ’ ಎಂದು ಕೇಳುವ ಎಚ್ಚರಿಕೆಯೂ ನಿಮ್ಮಲ್ಲಿಲ್ಲ.

ಟಿಕೆಟ್ ಮತ್ತೆ ತೆರೆಯಿರಿ. ಈ ಮೂರರಲ್ಲಿ ಯಾವುದನ್ನು ಯಾವಾಗ ಮಾಡುತ್ತೀರಿ ಎಂದು ಬರೆದು ಕೊಡಿ. ಗಿರಾಕಿಯ ಮುಂದೆ ಆಡಿದ ಮಾತಿಗೆ ಅವರಿಗೇ ಪತ್ರ ಬರೆದು ಕ್ಷಮೆ ಕೇಳಿ.

ವಾರದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ವ್ಯಾಪಾರಕ್ಕೆ ಪಡೆದ ಸೇವೆ ಎಂದು ಜಾರಿಕೊಳ್ಳಬೇಡಿ. ನಾನು ಒಬ್ಬನೇ ದುಡಿದು ಹೊಟ್ಟೆ ಹೊರೆಯುವವನು. ಕರೆಯ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ನನ್ನ ಗಿರಾಕಿಗಳ ಸರ್ವರ್‌ಗಳನ್ನೆಲ್ಲ ಬೇರೆ ಕಡೆಗೆ ಸಾಗಿಸುವ ಕೆಲಸವನ್ನೂ ಶುರು ಮಾಡಿದ್ದೇನೆ.

ಇಂತಿ,
ನಿಮ್ಮ ಹಳೆಯ ಗ್ರಾಹಕ